ವೈರಿಲ್ಲದ ಕರೆಂಟೂ ಶಿವಮಲ್ಲಪ್ಪನ ಅನುಮಾನವೂ

ಹೆಡತಲೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದ ಶಿವಮಲ್ಲಪ್ಪನಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಅದು ಹುಟ್ಟುಗುಣ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಪಾಪ, ಅರ್ಧ ತಪ್ಪು ಕಸುಬಿನದು. ಹಿಟ್ಟಿನ ಮಿಲ್ಲಿನಲ್ಲಿ ಯಾರು ಯಾರನ್ನು ನಂಬುತ್ತಾರೆ ಹೇಳಿ? ರಾಗಿ ತಂದ ಹೆಂಗಸು ಡಬ್ಬ ಇಟ್ಟು ಸುಮ್ಮನೆ ಮನೆಗೆ ಹೋಗುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲಿ ಒಂದು ಬೊಗಸೆ ಹಿಟ್ಟು ಒಳಗೇ ಉಳಿದುಬಿಡುತ್ತದೋ ಎಂದು ಮಿಷನ್ನಿನ ಬಾಯಿಯನ್ನೇ ಕಾಯುತ್ತಾ ನಿಲ್ಲುತ್ತಾಳೆ. ಮಿಲ್ಲಿನವನೋ, ಅವಳ ಡಬ್ಬದೊಳಗೆ ಕೈಯಾಡಿಸಿ, ರಾಗಿ ಸರಿಯಾಗಿ ಒಣಗಿಸದೆ ತಂದಿದ್ದಾಳೆ, ಕಲ್ಲಿಗೆ ಮೆತ್ತಿಕೊಳ್ಳುತ್ತದೆ ಎಂದು ಮುಖ ಗಂಟಿಕ್ಕುತ್ತಾನೆ. ಇದರ ಮಧ್ಯೆ ಮೂವತ್ತು ವರ್ಷ ಕೂತವನು ಬೇರೆ ಹೇಗಾಗಲು ಸಾಧ್ಯ?

ಬೆಳಿಗ್ಗೆ ಮೊದಲ ಸರದಿ ಯಾರಿಗೂ ಬೇಡ. ಖಾಲಿ ಕಲ್ಲಿನ ಸಂದುಗೊಂದಿ ತುಂಬಿಕೊಳ್ಳುವುದಕ್ಕೆ ಮೊದಲ ಡಬ್ಬದವರ ಒಂದೆರಡು ಹಿಡಿ ಹಿಟ್ಟು ಹೋಗಿಯೇ ಹೋಗುತ್ತದೆ. ಅದಕ್ಕೇ ಬಾಗಿಲು ತೆಗೆಯುವ ಹೊತ್ತಿಗೆ ಬಂದ ಹೆಂಗಸರು "ನೀನು ಮೊದ್ಲು ಆಕ್ಸು", "ಇಲ್ಲ ಕಣಕ್ಕ, ನೀನೇ ಆಕ್ಸು" ಎಂದು ಒಬ್ಬರಿಗೊಬ್ಬರು ಉಪಚಾರ ಮಾಡುತ್ತಾ ನಿಂತಿರುತ್ತಿದ್ದರು. ಸ್ವಿಚ್ ಬೋರ್ಡಿನ ಪಕ್ಕದ ಸ್ಟೂಲಿನ ಮೇಲೆ ಕೂತು ಶಿವಮಲ್ಲಪ್ಪ ಈ ನಾಟಕ ನೋಡುತ್ತಿದ್ದ. ಆ ಸ್ಟೂಲಿನಿಂದ ಮೋಟಾರು, ಬೆಲ್ಟು, ಹಿಟ್ಟು ಬೀಳುವ ಬಾಯಿ, ಬಾಗಿಲು ಎಲ್ಲವೂ ಕಾಣುತ್ತಿದ್ದವು. ಅಲ್ಲಿ ಕೂತಾಗ ಅವನಿಗೆ ಮನಸ್ಸಿಗೆ ನೆಮ್ಮದಿ.

ಅವನು ನಂಬಿದ್ದ ಒಂದೇ ಒಂದು ವಸ್ತು ಎಂದರೆ ಆ ಮಿಷನ್ನು. ಕೊನೆಗೆ ಅದೇ ಮೋಸ ಮಾಡಿತು. ಮೂರು ವರ್ಷದ ಹಿಂದೆ ಒಂದು ದಿನ, ಬಲಗೈಗೆ ಸುತ್ತಿಕೊಂಡಿದ್ದ ಟವೆಲಿನ ತುದಿ ಓಡುವ ಬೆಲ್ಟಿಗೆ ಸಿಕ್ಕಿ, ಕೈಯನ್ನು ಹೆಗಲಿನ ಬುಡದವರೆಗೂ ಎಳೆದುಬಿಟ್ಟಿತು. ಟವೆಲು ಹರಿದದ್ದರಿಂದ ಕೈ ಉಳಿಯಿತು. ಮೂಳೆಗೂ ಏನೂ ಆಗಲಿಲ್ಲ. ಆದರೆ ಹೆಗಲಿನಿಂದ ಬೆರಳಿಗೆ ಹೋಗುವ ನರಗಳು ಎಳೆದುಕೊಂಡಿದ್ದವು. ಗಾಯವಿಲ್ಲ, ಬಾವಿಲ್ಲ, ಹೊರಗೆ ನೋಡಿದರೆ ಕೈ ಗುಂಡುಕಲ್ಲಿನಂತಿತ್ತು. ಒಳಗೆ ಮಾತ್ರ ಹಗಲೂ ರಾತ್ರಿ ಉರಿ. ಬೆರಳಲ್ಲಿ ಒಂದು ಲೋಟ ಹಿಡಿದರೆ ಮೊಣಕೈವರೆಗೂ ಬೆಂಕಿ ಇಟ್ಟ ಹಾಗೆ. ಎಣ್ಣೆ ತಿಕ್ಕಿಸಿದ, ಪಟ್ಟು ಹಾಕಿಸಿದ, ನಂಜನಗೂಡಿನ ಡಾಕ್ಟರು ಕೊಟ್ಟ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡ.

ಮಿಲ್ಲಿಗೆ ಅವನ ಹೆಂಡತಿ ಮಂಗಳಮ್ಮ ಹೋಗತೊಡಗಿದಳು. ನಾಲ್ಕು ದಿನದ ಮಟ್ಟಿಗೆ ಎಂದು ಹೋದವಳು ಅಲ್ಲೇ ನಿಂತಳು. ಹೋದ ಎರಡನೇ ವಾರವೇ ಅವಳೊಂದು ಕೆಲಸ ಮಾಡಿದಳು. ಬೆಳಿಗ್ಗೆ ಮೋಟಾರು ಹಾಕಿದ ಕೂಡಲೇ ಮನೆಯಿಂದ ತಂದ ಒಂದು ಸೇರು ರಾಗಿಯನ್ನು ತಾನೇ ಮೊದಲು ಸುರಿಯತೊಡಗಿದಳು. ಕಲ್ಲು ತುಂಬಿಕೊಳ್ಳುವ ನಷ್ಟ ಮಿಲ್ಲಿನ ಪಾಲಿಗಾಯಿತು, ಗಿರಾಕಿಯ ಪಾಲಿಗಲ್ಲ. ಅಷ್ಟೇ. ಹೆಂಗಸರ ಉಪಚಾರದ ನಾಟಕ ನಿಂತುಹೋಯಿತು. ಪಕ್ಕದ ಊರಿನವರೂ ಡಬ್ಬ ಹೊತ್ತು ಇಲ್ಲಿಗೇ ಬರತೊಡಗಿದರು. ಮಂಗಳಮ್ಮನ ಮಿಲ್ಲು ಎಂದು ಹೆಸರೂ ಬಿತ್ತು. ಜಗಲಿಯ ಮೇಲೆ ಉರಿಯುವ ಕೈ ಹಿಡಿದು ಕೂತ ಶಿವಮಲ್ಲಪ್ಪನ ಕಿವಿಗೆ ಅದು ಬಿದ್ದಾಗ ಕೈಗಿಂತ ಹೊಟ್ಟೆ ಹೆಚ್ಚು ಉರಿಯಿತು.

ಹೀಗಿರುವಾಗ ತಿ. ನರಸೀಪುರಕ್ಕೆ ಕೊಟ್ಟಿದ್ದ ಮಗಳು ಶ್ವೇತ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರದ ನೋವಿಗೆ ಹೊಸ ಚಿಕಿತ್ಸೆ ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು, ಅಪ್ಪನನ್ನು ಬಲವಂತ ಮಾಡಿ ಕರೆದುಕೊಂಡು ಹೋದಳು. ಅಲ್ಲಿ ಪವಿತ್ರಾ ಎಂಬ ಇಂಜಿನಿಯರ್ ಹುಡುಗಿ ಒಂದು ಪುಟ್ಟ ಗಾಜಿನ ಶೀಶೆ ತೋರಿಸಿದಳು. ಅದರಲ್ಲಿ ಅಕ್ಕಿ ಕಾಳಿನಷ್ಟು ಚಿಕ್ಕದಾದ ಏನೋ ಇತ್ತು.

"ಇದನ್ನ ನಿಮ್ಮ ಬಲಗಡೆ ಕೊರಳ ಮೂಳೆ ಕೆಳಗೆ, ನರದ ಪಕ್ಕದಲ್ಲಿ ಇಡ್ತೀವಿ ಸರ್. ಇದಕ್ಕೆ ಬ್ಯಾಟರಿ ಇಲ್ಲ, ವೈರೂ ಇಲ್ಲ. ಮೇಲ್ಗಡೆ ಎದೆಗೆ ಈ ಬಿಲ್ಲೆ ಕಟ್ಕೋತೀರಿ. ಇದರೊಳಗೆ ತಾಮ್ರದ ತಂತಿ ಸುರುಳಿ ಇದೆ. ಅದರಲ್ಲಿ ಕರೆಂಟ್ ಓಡಿದಾಗ ಅಯಸ್ಕಾಂತದ ಶಕ್ತಿ ಹುಟ್ಟುತ್ತೆ, ಚರ್ಮ ದಾಟಿ ಕಾಳಿಗೆ ತಲುಪುತ್ತೆ. ಕಾಳು ಅದನ್ನೇ ಮತ್ತೆ ಕರೆಂಟ್ ಮಾಡ್ಕೊಂಡು ನರವನ್ನ ಮೆತ್ತಗೆ ತಟ್ಟುತ್ತೆ. ಆಗ ನೋವು ತಲೆಗೆ ಹೋಗೋದು ಕಮ್ಮಿಯಾಗುತ್ತೆ."

ಅಂಗೈ ಅಗಲದ ಆ ಬಿಲ್ಲೆಯನ್ನು ಶಿವಮಲ್ಲಪ್ಪ ತಿರುಗಿಸಿ ಮುರುಗಿಸಿ ನೋಡಿದ. "ವೈರಿಲ್ದೆ ಕರೆಂಟ್ ಬತ್ತದಾ?"

"ಬರುತ್ತೆ ಸರ್."

"ನಮ್ಮೂರ್ಗೆ ವೈರಿದ್ರೂ ಬರಲ್ವಲ್ಲಮ್ಮ."

ಪವಿತ್ರಾ ನಕ್ಕಳು. ನಗುತ್ತಾ ಮಾತಾಡುವವರ ಮೇಲೆ ಶಿವಮಲ್ಲಪ್ಪನಿಗೆ ಒಂದು ಕೈ ಹೆಚ್ಚೇ ಅನುಮಾನ. ಮೂವತ್ತು ವರ್ಷ ಮೋಟಾರಿನ ಜೊತೆ ಬಾಳಿದವನು ಅವನು. ಕಂಬದಿಂದ ವೈರು, ವೈರಿನಿಂದ ಮೀಟರು, ಮೀಟರಿನಿಂದ ಸ್ಟಾರ್ಟರು, ಮೋಟಾರಿನಿಂದ ಬೆಲ್ಟು, ಬೆಲ್ಟಿನಿಂದ ಕಲ್ಲು. ಶಕ್ತಿ ಎನ್ನುವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಅದು ಕಣ್ಕಟ್ಟು. ತಮ್ಮ ಮೇಲೆ ಪರೀಕ್ಷೆ ಮಾಡಿಕೊಳ್ಳುವ ಬದಲು ಹಳ್ಳಿಯವನ ಮೇಲೆ ಮಾಡುತ್ತಿದ್ದಾರೆ ಎಂದೂ ಅನ್ನಿಸಿತು. ಆದರೆ ಆ ದಿನ ಉರಿ ಎಷ್ಟಿತ್ತೆಂದರೆ ಅನುಮಾನವೇ ಸೋತು ಅವನು ಒಪ್ಪಿಕೊಂಡ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಮಂಗಳಮ್ಮ ಅವನ ಕೊರಳಿನ ಶಿವದಾರ ಬಿಚ್ಚಿ, ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಬಟ್ಟೆಯಲ್ಲಿ ಸುತ್ತಿ ಅವನ ಎಡ ತೋಳಿಗೆ ಕಟ್ಟಿದಳು. ಲಿಂಗ ಮೈ ಬಿಟ್ಟು ಹೋಗಬಾರದಲ್ಲ. ಮಾರನೆಯ ವಾರ, ಲಿಂಗ ಇನ್ನೂ ತೋಳಿನಲ್ಲೇ ಇದ್ದಾಗ, ಪವಿತ್ರಾ ಬಿಲ್ಲೆ ಕಟ್ಟಿ ಮೊದಲ ಸಲ ಹಾಕಿದಾಗ ಅವನ ತೋಳಿನೊಳಗೆ ಜುಮ್ಮೆನ್ನತೊಡಗಿತು. ಸ್ವಲ್ಪ ಹೊತ್ತಿಗೆ ಆ ಜುಮುಜುಮು ಉರಿಯ ಮೇಲೆ ಹರಡಿಕೊಂಡಿತು. ಶಿವಮಲ್ಲಪ್ಪ ಬೆರಳು ಮಡಚಿ ಬಿಡಿಸಿದ. ನೀರಿನ ಲೋಟ ಎತ್ತಿದ. ಅವನ ಕಣ್ಣಲ್ಲಿ ನೀರು ತುಂಬಿತು. ಹೆಂಡತಿಗೆ ಕಾಣದಿರಲೆಂದು ಕಿಟಕಿ ಕಡೆ ತಿರುಗಿದ.

ಮನೆಗೆ ಕಳಿಸುವಾಗ ಪವಿತ್ರಾ ಒತ್ತಿ ಹೇಳಿದಳು. ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ಬಿಲ್ಲೆ ಕಟ್ಟಿಕೊಳ್ಳಬೇಕು, ಕಟ್ಟುವಾಗ ಮೈಮೇಲೆ ಲೋಹದ ಸಾಮಾನು ಇರಬಾರದು. ಶಿವಮಲ್ಲಪ್ಪ ಅದನ್ನು ಚಾಚೂ ತಪ್ಪದೆ ಪಾಲಿಸಿದ. ವಾಚು ಬಿಚ್ಚಿದ, ಉಂಗುರ ಬಿಚ್ಚಿದ, ಮದುವೆಯಲ್ಲಿ ಮಾವ ಹಾಕಿದ್ದ ಬೆಳ್ಳಿ ಉಡಿದಾರವನ್ನೂ ಬಿಚ್ಚಿ ಬೀರುವಿನಲ್ಲಿಟ್ಟ. ಬಿಲ್ಲೆಯ ಲೆಕ್ಕವಿಡುವ ಆ್ಯಪನ್ನು ಮಂಗಳಮ್ಮನ ಫೋನಿಗೆ ಹಾಕಿಕೊಟ್ಟರು, ಅವನದು ಬಟನ್ ಫೋನು. ಎಡಗೈಯೊಂದರಲ್ಲಿ ಬಿಲ್ಲೆಯ ಬೆಲ್ಟು ಬಿಗಿಯಲಾಗದ್ದರಿಂದ ಕಟ್ಟುವ ಕೆಲಸವೂ ಮಂಗಳಮ್ಮನದೇ ಆಯಿತು. ಬೆಳಿಗ್ಗೆ ಸ್ನಾನವಾದ ಮೇಲೆ ಬನಿಯನ್ ಮೇಲೆ ಬಿಗಿಯಾಗಿ ಕಟ್ಟಿ, ಹಸಿರು ದೀಪ ಹತ್ತಿತೇ ಎಂದು ನೋಡಿ ಅವಳು ಮಿಲ್ಲಿಗೆ ಹೋಗುತ್ತಿದ್ದಳು.

ಮನೆಯಲ್ಲಿ ಅದು ಕೆಲಸ ಮಾಡಲಿಲ್ಲ.

ಪೂರ್ತಿ ಮಾಡಲಿಲ್ಲ ಎಂದರೂ ತಪ್ಪಾಗುತ್ತದೆ, ಅಲ್ಲೇ ಇದ್ದದ್ದು ತೊಡಕು. ಬಿಲ್ಲೆ ಕಟ್ಟಿ ಮಂಗಳಮ್ಮ ಹೊರಡುತ್ತಿದ್ದಳು. ಜುಮುಜುಮು ಇಲ್ಲ, ಉರಿ ಹಾಗೇ. ಆಮೇಲೆ ಅವನು ಲಿಂಗಪೂಜೆಗೆ ಕೂರುತ್ತಿದ್ದ. ಬೆಲ್ಟಿನಡಿಯಿಂದ ಕರಡಿಗೆ ಎಳೆದುಕೊಂಡು, ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಧರಿಸುವ ಹೊತ್ತಿಗೆ ತೋಳಿನಲ್ಲಿ ಜುಮ್ಮೆಂದು ಶುರುವಾಗಿ ಉರಿ ಇಳಿಯುತ್ತಿತ್ತು. ಪತ್ರೆ ಹಿಡಿದ ಬಲಗೈ ನಡುಗುತ್ತಿರಲಿಲ್ಲ. ಪೂಜೆ ಮುಗಿಸಿ ಕರಡಿಗೆ ಮುಚ್ಚಿ ಎದೆಗೆ ಹಾಕಿಕೊಂಡು ಎದ್ದರೆ ಮತ್ತೆ ಅದೇ ಉರಿ. ಇನ್ನೊಂದು ವಿಷಯವನ್ನೂ ಅವನು ಗಮನಿಸಿದ. ಬೆಲ್ಟಿನಡಿಯಿಂದ ತೆಗೆದ ಕರಡಿಗೆ ಕೈಗೆ ಬೆಚ್ಚಗೆ ಹತ್ತುತ್ತಿತ್ತು. ತನ್ನ ಉರಿಯನ್ನು ಸ್ವಾಮಿ ಮೈಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡು ಕಣ್ಣಿಗೊತ್ತಿಕೊಂಡ. ಇದನ್ನು ಡಾಕ್ಟರಿಗೆ ಹೇಳಿದ್ದರೆ ಒಂದೇ ದಿನದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ನಕ್ಕುಬಿಡುತ್ತಾರೆಂದು ಹೇಳಲಿಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿ ಹೇಗೆ ಕೆಲಸ ಮಾಡಿತು? ಅಲ್ಲಿ ಗುಟ್ಟಾಗಿ ಬೇರೆ ಮದ್ದು ಕೊಟ್ಟಿರಬೇಕು ಎಂಬುದು ಅವನ ಮೊದಲ ತೀರ್ಮಾನ. ತಿಂಗಳ ತಪಾಸಣೆಗೆ ಹೋದಾಗ ಅವರು ಕೊಟ್ಟ ನೀರನ್ನೂ ಮುಟ್ಟದೆ ಮಂಚದ ಮೇಲೆ ಮಲಗಿದ. ಡಾಕ್ಟರು ಹತ್ತಿರ ಬಂದರೆ ಸ್ಟೆತಸ್ಕೋಪಿಗೆ ಅಡ್ಡವಾಗದಿರಲೆಂದು ಎದೆಯ ಮೇಲಿನ ಕರಡಿಗೆಯನ್ನು ಎಡ ಹೆಗಲಿನ ಹಿಂದಕ್ಕೆ ಸರಿಸಿಕೊಳ್ಳುವುದು ಅವನ ಹಳೆಯ ರೂಢಿ. ಅಂದೂ ಸರಿಸಿಕೊಂಡ. ಪವಿತ್ರಾ ಬಿಲ್ಲೆ ಇಟ್ಟಳು. ಜುಮ್ಮೆಂದಿತು, ಉರಿ ಇಳಿಯಿತು. ಮದ್ದಿನ ಮಾತು ಅಲ್ಲಿಗೆ ಬಿದ್ದುಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅವನ ತಲೆ ಬೇರೆ ದಾರಿ ಹಿಡಿಯಿತು. ಬಿಲ್ಲೆ ಸರಿಯಾಗಿದೆ. ಕಾಳು ಸರಿಯಾಗಿದೆ. ಮನೆಯಲ್ಲಿ ಮಾತ್ರ ನಡೆಯುವುದಿಲ್ಲ. ಮನೆಯಲ್ಲಿ ಇರುವವರು ಯಾರು?

ಹಿಂದಿನ ವಾರ ನಡೆದ ಒಂದು ಮಾತು ನೆನಪಾಯಿತು. ಊಟಕ್ಕೆ ಕೂತಾಗ ಅವನು "ಕೈ ವಾಸಿ ಆದ್ಮೇಲೆ ನಾನೇ ಮಿಲ್ಗೆ ಓಯ್ತೀನಿ, ನೀನು ಮನೇಲಿ ಸುಧಾರಿಸ್ಕೊ" ಎಂದಿದ್ದ. ಮಂಗಳಮ್ಮ ತಟ್ಟೆಯಿಂದ ಮುಖ ಎತ್ತದೆ, "ಮೊದ್ಲು ವಾಸಿ ಆಗ್ಲಿ ಬುಡಿ" ಎಂದಿದ್ದಳು. ಆಗ ಅದು ಮಾಮೂಲಿ ಮಾತಾಗಿ ಕೇಳಿತ್ತು. ಈಗ ಒಂದೊಂದು ಅಕ್ಷರಕ್ಕೂ ಬೇರೆ ಅರ್ಥ ಬಂತು. ಇವಳಿಗೆ ಸ್ಟೂಲಿನ ರುಚಿ ಹತ್ತಿದೆ. ನಾನು ಎದ್ದರೆ ಅವಳು ಇಳಿಯಬೇಕು. ಫೋನು ಅವಳ ಕೈಯಲ್ಲಿದೆ.

ಮೂರು ದಿನ ತಡೆದುಕೊಂಡು, ಮಗಳನ್ನು ನೋಡುವ ನೆಪದಲ್ಲಿ ತಿ. ನರಸೀಪುರಕ್ಕೆ ಹೋದ. ಅಳಿಯ ಸೋಮಶೇಖರ್ ಅಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿದ್ದ. ಶಿವಮಲ್ಲಪ್ಪ ಸುತ್ತಿ ಬಳಸಿ ಕೇಳಿದ.

"ಅಲ್ಲಾ ಸೋಮಣ್ಣ, ಒಂದು ಮಿಷನ್ನು ಇಲ್ಲಿರ್ತದೆ ಅನ್ಕೋ. ಅದನ್ನ ದೂರ್ದಲ್ಲಿ ಕುಂತ್ಕಂಡು ಫೋನಲ್ಲಿ ಆರಿಸ್ಬೋದಾ?"

"ಅಯ್ಯೋ ಮಾವ, ಅದೇನ್ ದೊಡ್ಡ ವಿಷ್ಯ! ನಾನು ಮಾರೋದೇ ಅದು. ಹೆಮ್ಮಿಗೆ ಕಡೆ ಗದ್ದೆಯೋರು ಮನೇಲಿ ಮಲೀಕಂಡೇ ಫೋನಲ್ಲಿ ಪಂಪು ಆಕ್ತಾರೆ, ಆರಿಸ್ತಾರೆ. ಯಾಕೆ, ನಿಮಗೊಂದು ಬೇಕಿತ್ತಾ?"

ಶಿವಮಲ್ಲಪ್ಪನಿಗೆ ಬೇಕಾದದ್ದು ಸಿಕ್ಕಿತ್ತು. ವೈರಿದ್ದಿದ್ದರೆ ಯಾರು ಎಲ್ಲಿ ಕಿತ್ತರು ಎಂದು ಕಾಣುತ್ತಿತ್ತು. ವೈರೇ ಇಲ್ಲದ ಮೇಲೆ ಯಾರು ಎಲ್ಲಿ ಕೂತು ಏನು ಬೇಕಾದರೂ ಮಾಡಬಹುದು. ಈ ಹಾಳು ಕರೆಂಟಿಗೆ ವೈರು ಇಡದಿದ್ದದ್ದೇ ಇದಕ್ಕೆ ಅಂತ ಕಾಣುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

ಮಾರನೆಯ ಬೆಳಿಗ್ಗೆ ಮಂಗಳಮ್ಮ ಬಿಲ್ಲೆ ಕಟ್ಟಿ, ಕಾಫಿ ಲೋಟ ತೊಳೆಯಲು ಹಿತ್ತಲಿಗೆ ಹೋದಾಗ, ಅವಳ ಫೋನನ್ನು ಎತ್ತಿ ರಾಗಿ ವಾಡೆಯೊಳಗೆ ಹೂತುಬಿಟ್ಟ. ಅವಳು ಮನೆಯೆಲ್ಲ ಹುಡುಕಿ, ಹೊತ್ತಾಯಿತೆಂದು ಫೋನಿಲ್ಲದೇ ಮಿಲ್ಲಿಗೆ ಹೋದಳು. ಈಗ ನೋಡೋಣ ಎಂದು ಅವನು ಕೂತ. ಪೂಜೆಯ ಹೊತ್ತು ಉರಿ ಇಳಿಯಿತು. ಪೂಜೆ ಮುಗಿಯಿತು, ಉರಿ ಬಂತು. ಫೋನು ವಾಡೆಯಲ್ಲೇ ಇತ್ತು. ಬೇರೆಯವನಾಗಿದ್ದರೆ ಹೆಂಡತಿಯ ತಪ್ಪಿಲ್ಲವೆಂದು ಒಪ್ಪಿಕೊಳ್ಳುತ್ತಿದ್ದ. ಶಿವಮಲ್ಲಪ್ಪ ಹಾಗಲ್ಲ. ಎಷ್ಟು ಹೊತ್ತಿಗೆ ಆರಬೇಕೆಂದು ಮೊದಲೇ ಟೈಮಿಟ್ಟು ಹೋಗುತ್ತಾಳೆ, ಪಂಪಿಗೂ ಹಾಗೇ ಇಡುತ್ತಾರಲ್ಲ ಎಂದುಕೊಂಡ.

ಫೋನು ವಾಡೆಯಲ್ಲಿ ಅವಳಿಗೆ ಸಿಕ್ಕಿದ ಮೇಲೆ ಎರಡು ದಿನ ಮಿಲ್ಲಿನ ಎದುರಿಗಿದ್ದ ಕರಿಯಪ್ಪನ ಟೀ ಅಂಗಡಿಯಲ್ಲಿ ಕೂತು ಹೆಂಡತಿಯನ್ನು ಕಾವಲು ಕಾದ. ಅವಳು ಸ್ಟೂಲಿನ ಮೇಲೆ ಕೂತಿದ್ದಳು. ತಲೆಗೂದಲೆಲ್ಲ ಹಿಟ್ಟಾಗಿತ್ತು. ಮರಿತಾಯಮ್ಮ ಎಂಬ ಮುದುಕಿ ಡಬ್ಬ ಇಟ್ಟು ನೆರಳಿಗೆ ಹೋಗಿ ಕೂತಳು, ಮಿಷನ್ನಿನ ಬಾಯಿ ಕಾಯಲಿಲ್ಲ. ಮೂವತ್ತು ವರ್ಷದಲ್ಲಿ ಶಿವಮಲ್ಲಪ್ಪ ಆ ಮುದುಕಿ ಕೂತದ್ದನ್ನು ಕಂಡಿರಲಿಲ್ಲ. ಮಂಗಳಮ್ಮ ಏನೋ ಕೂಗಿ ಹೇಳಿದಳು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹಾಗೆ ಬಾಯಿ ತುಂಬ ನಗುವ ಹೆಂಡತಿಯನ್ನು ಅವನು ಮನೆಯಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ.

"ಏನ್ ಶಿವಮಲ್ಲಪ್ನೋರೇ, ನಿಮ್ ಮಿಲ್ ನೀವೇ ಕದೀಯಕ್ಕೆ ಒಂಚಾಕ್ತಿದ್ದೀರಾ?" ಎಂದು ಕರಿಯಪ್ಪ ಟೀ ಇಟ್ಟ.

"ಫೋನ್ ಮುಟ್ತಾಳಾ ನೋಡ್ತಿದ್ದೀನಿ ಕಣಯ್ಯ."

"ಎಲ್ಲಿ ಬುಡುವಾಗ್ತದೆ ಆಯಮ್ಮಂಗೆ? ನಿಮ್ ಕಾಲ್ದಲ್ಲಿ ಇಷ್ಟು ಜನ ಎಲ್ಲಿದ್ರು."

ಟೀ ಅರ್ಧಕ್ಕೇ ಬಿಟ್ಟು ಶಿವಮಲ್ಲಪ್ಪ ಎದ್ದು ಹೋದ. ಅವಳು ಫೋನು ಮುಟ್ಟಲಿಲ್ಲ ಎಂಬುದು ಅವನಿಗೆ ಸಮಾಧಾನ ತರಲಿಲ್ಲ. ಅವಳ ನಗು ಅವನ ಅನುಮಾನಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಮುಂದಿನ ತಪಾಸಣೆಯಲ್ಲಿ ಪವಿತ್ರಾ ನಗಲಿಲ್ಲ. ಕಂಪ್ಯೂಟರ್ ನೋಡುತ್ತಾ ಹುಬ್ಬು ಗಂಟಿಕ್ಕಿದಳು. "ಬಿಲ್ಲೆ ದಿನಾ ಕಟ್ತಿದ್ದೀರಿ, ಶಕ್ತಿ ಕಳಿಸ್ತಾನೂ ಇದೆ. ಆದ್ರೆ ಮನೇಲಿ ಅದು ತುಂಬಾ ಕಷ್ಟಪಡ್ತಾ ಇದೆ ಸರ್, ಬಿಸಿನೂ ಆಗ್ತಿದೆ. ಇಲ್ಲಿ ಹಾಗಾಗಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ."

ಶಿವಮಲ್ಲಪ್ಪ ಇದಕ್ಕಾಗಿಯೇ ಕಾದಿದ್ದ. ಹೆಂಡತಿ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳ ಕಡೆ ನೋಡದೆ ಕೇಳಿದ, "ಫೋನಿಂದ ಯಾರಾರ ಆರಿಸಿದ್ರೆ ನಿಮ್ ಕಂಪ್ಯೂಟರ್ನಲ್ಲಿ ಗೊತ್ತಾಯ್ತದೇನಮ್ಮ?"

ಪವಿತ್ರಾಗೆ ಅದರ ಒಳಸುಳಿ ತಿಳಿಯಲಿಲ್ಲ. "ಗೊತ್ತಾಗುತ್ತೆ ಸರ್. ಆದ್ರೆ ಫೋನಿಂದ ಆರಿಸೋಕೆ ಬರೋದೇ ಇಲ್ಲ. ಅದು ಬರೀ ಲೆಕ್ಕ ತೋರ್ಸುತ್ತೆ. ಬಿಲ್ಲೆ ಮೇಲಿನ ಗುಂಡೀಲಿ ಮಾತ್ರ ಆರಿಸ್ಬೋದು. ಅದನ್ನೂ ಯಾರೂ ಮಧ್ಯದಲ್ಲಿ ಒತ್ತಿಲ್ಲ."

ಮಂಗಳಮ್ಮ ಗಂಡನ ಮುಖವನ್ನು ನೋಡಿದಳು. ರಾಗಿ ವಾಡೆಯಲ್ಲಿ ಸಿಕ್ಕಿದ ಫೋನು, ಟೀ ಅಂಗಡಿಯ ಕಾವಲು, ನರಸೀಪುರದ ಓಡಾಟ, ಎಲ್ಲವೂ ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಪಕ್ಕದ ಕುರ್ಚಿಯಿಂದ ಎದ್ದು ಗೋಡೆ ಹತ್ತಿರ ಹೋಗಿ ನಿಂತಳು.

"ಒಂದು ಕೆಲಸ ಮಾಡೋಣ," ಎಂದಳು ಪವಿತ್ರಾ. "ಅಮ್ಮ, ಮನೇಲಿ ದಿನಾ ಹೇಗೆ ಕಟ್ತೀರೋ ಹಾಗೇ ಕಟ್ಟಿ. ಇವರು ಕೂತೇ ಇರ್ಲಿ."

ಮಂಗಳಮ್ಮ ಬಂದಳು. ಅವನ ಶರಟು ಬಿಚ್ಚಿಸಿದಳು. ಮಿಷನ್ನಿನ ಮೇಲೆ ಬಗ್ಗಿದಾಗ ತೂಗಾಡಬಾರದೆಂದು ಶಿವದಾರವನ್ನು ಗಿಡ್ಡ ಮಾಡಿ, ಕರಡಿಗೆ ಬಲಗಡೆಯ ಎದೆಯ ಮೇಲೆ ಕೂರುವ ಹಾಗೆ ಅವನು ಹಾಕಿಕೊಳ್ಳುತ್ತಿದ್ದ. ಅದನ್ನು ನೆಟ್ಟಗೆ ಕೂರಿಸಿ, ಅಲ್ಲಾಡದ ಹಾಗೆ ಅದರ ಮೇಲೆ ಬಿಲ್ಲೆ ಇಟ್ಟು, ಬೆಲ್ಟು ಬಿಗಿದಳು. ಕಂಪ್ಯೂಟರಿನಲ್ಲಿ ಕಾಳಿಗೆ ತಲುಪುವ ಶಕ್ತಿ ತೋರಿಸುವ ಗೆರೆ ಮೇಲೇಳದೆ ನೆಲಕ್ಕೇ ಅಂಟಿಕೊಂಡಿತು.

"ಅಯ್ಯೋ, ಕೆಳಗೆ ಏನಿಟ್ರಿ ಅಮ್ಮ? ಲೋಹ ಇರಬಾರ್ದು ಅಂತ ಹೇಳಿದ್ನಲ್ಲ!"

"ಲೋಹ ಎಲ್ಲದಮ್ಮ?" ಎಂದು ಗಂಡ ಹೆಂಡತಿ ಒಟ್ಟಿಗೆ ಅಂದರು. ಶಿವಮಲ್ಲಪ್ಪ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು, "ಇದು ಒಡವೆ ಅಲ್ಲ ತಾಯಿ, ಲಿಂಗ" ಎಂದ.

ಅವನು ಹಸುಗೂಸಾಗಿದ್ದಾಗಲೇ ಕಟ್ಟಿದ್ದು. ಮಣ್ಣಿಗೆ ಹೋಗುವಾಗಲೂ ಜೊತೆಗೆ ಬರುವಂಥದ್ದು. ಉಂಗುರ ಬಿಚ್ಚಿದ, ಉಡಿದಾರ ಬಿಚ್ಚಿದ, ಇದನ್ನು ಮೈಮೇಲಿನ ಸಾಮಾನು ಎಂದು ಲೆಕ್ಕಕ್ಕೆ ಹಿಡಿಯುವುದು ಅವನಿಗೂ ಹೊಳೆದಿರಲಿಲ್ಲ, ತನ್ನ ಕೊರಳಲ್ಲೂ ಅಂಥದ್ದೇ ಕಟ್ಟಿಕೊಂಡಿದ್ದ ಅವಳಿಗೂ ಹೊಳೆದಿರಲಿಲ್ಲ. ಕಣ್ಣನ್ನೋ ಮೂಗನ್ನೋ ಬಿಚ್ಚಿಡಿ ಎಂದು ಯಾರಾದರೂ ಕೇಳುತ್ತಾರೆಯೇ?

ಪವಿತ್ರಾ ತಗ್ಗಿದ ದನಿಯಲ್ಲಿ ವಿವರಿಸಿದಳು. "ಲಿಂಗದಿಂದ ಏನೂ ತೊಂದ್ರೆ ಇಲ್ಲ ಸರ್. ಸುತ್ತ ಇರೋ ಬೆಳ್ಳಿ ದಪ್ಪ ಇದೆ. ಬಿಲ್ಲೆಯ ಶಕ್ತಿಯೆಲ್ಲ ಬೆಳ್ಳಿಯಲ್ಲೇ ಸುತ್ತಾಡಿ, ಕಾವಾಗಿ ಕಳೆದು ಹೋಗ್ತಿದೆ. ಕಾಳಿಗೆ ತಲುಪ್ತಾನೇ ಇಲ್ಲ. ಸದ್ಯ, ಚರ್ಮ ಸುಟ್ಟಿಲ್ಲ. ನಾನೂ ಬಿಡಿಸಿ ಕೇಳ್ಬೇಕಿತ್ತು."

ಶಿವಮಲ್ಲಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ದಿನ ಹೆಂಡತಿಯ ಕೈಯನ್ನು ಕಾದಿದ್ದ, ಅಡ್ಡವಿದ್ದದ್ದು ತನ್ನ ಎದೆಯ ಮೇಲೆಯೇ. ಮಂಗಳಮ್ಮ ಆಸ್ಪತ್ರೆಯವರಿಂದ ಒಂದು ಬಿಳಿ ಬಟ್ಟೆ ಕೇಳಿ ಪಡೆದು, ಲಿಂಗವನ್ನು ಅದರಲ್ಲಿ ಸುತ್ತಿ ಅವನ ಕೊರಳಿಗೆ ಕಟ್ಟಿದಳು. ಖಾಲಿ ಕರಡಿಗೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಅವಳು ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತಳು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದವಳು ಹೆಡತಲೆ ಬರುವವರೆಗೂ ಹಿಂದಕ್ಕೆ ತಿರುಗಲಿಲ್ಲ.

ಅಂದಿನಿಂದ ಬಿಲ್ಲೆ ಕೆಲಸ ಮಾಡಿತು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಕೈ ಅವನ ಮಾತು ಕೇಳತೊಡಗಿತು. ಮೊದಲು ಲೋಟ, ಆಮೇಲೆ ನೀರಿನ ಕೊಡ, ಆಮೇಲೆ ಅರ್ಧ ಮೂಟೆ. ಮಂಗಳಮ್ಮ ದಿನವೂ ಬೆಲ್ಟು ಬಿಗಿಯುತ್ತಿದ್ದಳು, ಹಸಿರು ದೀಪ ನೋಡುತ್ತಿದ್ದಳು, ಊಟ ಬಡಿಸುತ್ತಿದ್ದಳು. ಬೇಕು, ಬೇಡ, ಸಾಕು ಎಂಬುದರ ಆಚೆಗೆ ಮಾತಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಶರಟು ಹಾಕಿಕೊಂಡು ಮಿಲ್ಲಿಗೆ ಬಂದ. ಬಾಗಿಲ ಹೊರಗೆ ಹೆಂಗಸರು ಡಬ್ಬ ಸಾಲಿಟ್ಟು ಹರಟುತ್ತಿದ್ದರು. ಮೋಟಾರು ಇನ್ನೂ ಹಾಕಿರಲಿಲ್ಲ, ಮನೆಯಿಂದ ತಂದ ಸೇರು ರಾಗಿಯನ್ನು ಮಾತ್ರ ಮಿಷನ್ನಿಗೆ ಸುರಿದಾಗಿತ್ತು. ಗಂಡನನ್ನು ಕಂಡ ಮಂಗಳಮ್ಮ ಸ್ಟೂಲಿನಿಂದ ಎದ್ದಳು. ಸೆರಗಿನಿಂದ ಸ್ಟೂಲಿನ ಮೇಲಿನ ಹಿಟ್ಟು ಒರೆಸಿದಳು.

"ಬನ್ನಿ, ಕುಂತ್ಕಳಿ," ಎಂದಳು.

ಅವನು ಕೂರಲಿಲ್ಲ. ಹೊರಗಿನವರಿಗೆ ಕೇಳದ ಹಾಗೆ, "ತಪ್ಪಾಯ್ತು ಮಂಗಳಾ. ನೀನೇ ಆರಿಸ್ತಿದ್ದೀಯ ಅಂತ ಅನುಮಾನ ಪಟ್ಟೆ," ಎಂದ.

"ನಾನು ಆರಿಸ್ಲಿಲ್ಲ ಕಣ್ರೀ."

"ಗೊತ್ತಾಯ್ತಲ್ಲ."

"ಪೂರ್ತಿ ಕೇಳಿ. ಆರಿಸ್ಲಿಲ್ಲ. ಆದ್ರೆ ನಿಮ್ ಕೈ ವಾಸಿ ಆಗ್ದೆ ಇಂಗೇ ಇದ್ಬುಟ್ರೆ ಆಗಿತ್ತು ಅಂತ ಅನ್ಕಂಡಿದ್ದೀನಿ. ಒಂದ್ಸಲ ಅಲ್ಲ. ಬೆಲ್ಟು ಬಿಗಿಯುವಾಗೆಲ್ಲ ಅನ್ಕತಿದ್ದೆ. ಬಿಗೀತಾನೂ ಇದ್ದೆ." ಒರೆಸಿದ ಸ್ಟೂಲನ್ನೇ ಅವಳು ಮತ್ತೆ ಒರೆಸಿದಳು. "ಎಂಥ ಎಂಗ್ಸು ನಾನು ಅಂತ ನಂಗೇ ಬೇಜಾರಾಗದು. ಆದ್ರೂ ಅನ್ಕತಿದ್ದೆ. ನಂಗೆ ಈ ಜಾಗ ಇಷ್ಟ ಕಣ್ರೀ."

ಬದುಕಿನಲ್ಲಿ ಅವನ ಅನುಮಾನ ಇಷ್ಟು ಸರಿಯಾಗಿ ಎಂದೂ ನಿಜವಾಗಿರಲಿಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಈಗ ಆ ಗೆಲುವು ಅವನಿಗೇ ಬೇಡವಾಗಿತ್ತು. ಬೇಡವೆಂದು ಮನಸ್ಸು ಅನ್ನುತ್ತಿದ್ದರೂ ಒಂದು ದಿನವೂ ತಪ್ಪಿಸದೆ, ಬೆಲ್ಟು ಒಂದು ದಿನವೂ ಸಡಿಲ ಬಿಡದೆ ಕಟ್ಟಿದವಳು ಇವಳು. ಇವಳ ಕೈಯ ಮೇಲೆ ಅವನು ಕಾವಲು ಕೂತಿದ್ದ.

"ನೀನೇ ಕುಂತ್ಕೊ," ಎಂದ. "ನಾನು ಡಬ್ಬ ಎತ್ತಿ ಸುರೀತೀನಿ."

"ಇವತ್ತೊಂದಿನವಾ, ದಿನಾಲೂವಾ?"

ಶಿವಮಲ್ಲಪ್ಪ ಬಾಯಿ ತೆರೆದ. ಮಂಗಳಮ್ಮ ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು. ದಿನಾಲೂ ಎಂದರೆ ಅವಳು ನಂಬುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಆ ನೋಟ ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಯಾವ ಮಾತಿಗೂ ಅದು ಬಗ್ಗುವುದಿಲ್ಲ.

ಅವನು ಬಾಗಿಲಿಗೆ ಹೋಗಿ, ಸಾಲಿನಲ್ಲಿ ಮುಂದಿದ್ದ ಮರಿತಾಯಮ್ಮನ ಡಬ್ಬವನ್ನು ಬಲಗೈಯಲ್ಲಿ ಎತ್ತಿಕೊಂಡು ಬಂದು ಮಿಷನ್ನಿನ ಪಕ್ಕ ನಿಂತ. ಮಂಗಳಮ್ಮ ಡಬ್ಬ ಹಿಡಿದ ಆ ಕೈಯನ್ನು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಸ್ವಿಚ್ ಒತ್ತಿದಳು.